ಮನೆಯಲ್ಲೇ ಕಲಿತವರಿಗೂ ಇರಲಿ ಒಂದು ಬೀಳ್ಕೊಡುಗೆ

ಫೆಬ್ರುವರಿ ಹುಟ್ಟಿತೆಂದರೆ ಬೆಳಗಾವಿ ಜಿಲ್ಲೆಯ ಹಾರೂಗೇರಿ, ಕುಡಚಿ, ರಾಯಬಾಗ, ಅಥಣಿ ಕಡೆಯ ಹೈಸ್ಕೂಲುಗಳಲ್ಲಿ ಹತ್ತನೇ ತರಗತಿಯವರನ್ನು ಬೀಳ್ಕೊಡುವ ಸಮಾರಂಭಗಳ ಸಾಲು ಶುರುವಾಗುತ್ತದೆ. ಬೆಳಿಗ್ಗೆ ಸರಸ್ವತಿ ಪೂಜೆ. ಅಂದು ಸಮವಸ್ತ್ರಕ್ಕೆ ರಜೆ. ಹೆಣ್ಣುಮಕ್ಕಳು ಅವ್ವನದೋ ಅಕ್ಕನದೋ ಸೀರೆ ಉಟ್ಟು ಹೂ ಮುಡಿದು ಬರುತ್ತಾರೆ. ಗುರುಗಳ ಹಿತನುಡಿ, ಒಂಬತ್ತನೆಯವರ ಹಾಡು, ಹತ್ತನೆಯವರ ಅನಿಸಿಕೆ. ಅನಿಸಿಕೆ ಹೇಳಲು ಮೈಕ್ ಹಿಡಿದವರಲ್ಲಿ ಯಾರಾದರೊಬ್ಬರಿಗೆ ಎರಡನೇ ಮಾತಿಗೇ ಗಂಟಲು ಕಟ್ಟುತ್ತದೆ, ಅವರ ಹಿಂದೆ ಇಡೀ ತರಗತಿ ಅಳುತ್ತದೆ. ಮಕ್ಕಳೇ ಪಟ್ಟಿ ಕೂಡಿಸಿದ ಹಣದಲ್ಲಿ ಶಾಲೆಗೊಂದು ಗೋಡೆ ಗಡಿಯಾರವೋ ನಾಲ್ಕು ಖುರ್ಚಿಯೋ ಕಾಣಿಕೆ. ಮಧ್ಯಾಹ್ನಕ್ಕೆ ಗೋಧಿ ಹುಗ್ಗಿ, ಅನ್ನ, ಸಾರು. ಆಮೇಲೆ ಮೆಟ್ಟಿಲ ಮೇಲೆ ಎತ್ತರದವರು ಹಿಂದೆ, ಗಿಡ್ಡವರು ಮುಂದೆ ನಿಂತು ಒಂದು ಗ್ರೂಪ್ ಫೋಟೊ. ಪಠ್ಯಕ್ರಮದ ಯಾವ ಪುಟದಲ್ಲೂ ಇದು ಇಲ್ಲ, ಸರಕಾರ ಇದಕ್ಕೆ ಒಂದು ಪೈಸೆ ಕೊಡುವುದಿಲ್ಲ. ಆದರೂ ಹತ್ತು ವರ್ಷದ ಶಾಲೆಯಲ್ಲಿ ಕಲಿತದ್ದೆಲ್ಲ ಮಸುಕಾದ ಮೇಲೂ ಹೆಚ್ಚಿನವರಿಗೆ ಈ ಒಂದು ದಿನ ನೆನಪಿರುತ್ತದೆ. ಮನೆಯಲ್ಲಿ ಕಲಿತ ಮಗುವಿಗೆ ಈ ದಿನ ಇಲ್ಲ. ಅದಕ್ಕೂ ಇಂಥದೊಂದು ದಿನ ಬೇಕು, ಅದಕ್ಕೆ ಮುಂಚಿನ ಇಡೀ ಒಂದು ವರ್ಷವನ್ನು ಆ ದಿನದತ್ತ ನಡೆಯುವಂತೆ ಯೋಜಿಸಬೇಕು, ಮತ್ತು ಅದು ಕಲಿಕೆಯದೇ ಒಂದು ಭಾಗ ಎಂಬುದು ಈ ಲೇಖನದ ವಾದ.

ಹೋಮ್‌ಸ್ಕೂಲಿಂಗ್ ಎಂಬ ಮಾತು ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದ ಕಡೆ ಇನ್ನೂ ಬೆಂಗಳೂರಿನ ಸುದ್ದಿಯಂತೆ ಕೇಳಿಸುತ್ತದೆ. ಇಂಗ್ಲಿಷ್ ಬಲ್ಲ, ಅನುಕೂಲವುಳ್ಳ ತಂದೆತಾಯಿ ಶಾಲೆಯ ಒತ್ತಡ ಬೇಡವೆಂದು ಮಕ್ಕಳನ್ನು ಮನೆಯಲ್ಲಿ ಓದಿಸುವ ಚಿತ್ರ ಅದರೊಂದಿಗೆ ಬರುತ್ತದೆ. ಆ ಚಿತ್ರ ಸುಳ್ಳಲ್ಲ, ಆದರೆ ಅರ್ಧ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟು ಮನೆಗೆಲಸದ ನಡುವೆ ಪುಸ್ತಕ ಹಿಡಿದು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕೂರುವ ಹುಡುಗಿಯೂ ಮನೆಯಲ್ಲೇ ಕಲಿತವಳು. ಗಡಿಯಾಚೆ ಮಹಾರಾಷ್ಟ್ರ ಮಂಡಳಿಯ 17ನೇ ನಂಬರಿನ ಫಾರ್ಮ್ ತುಂಬಿ ಹತ್ತನೆಯದನ್ನೋ ಹನ್ನೆರಡನೆಯದನ್ನೋ ಮುಗಿಸುವವರನ್ನು ನಿಪ್ಪಾಣಿಯ ಜನ ಬಲ್ಲರು. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗಿನ ಜತೆ ಊರು ಬದಲಿಸುತ್ತ, ನಡುವೆ ಶಾಲೆಯ ಹಾಜರಿ ತಪ್ಪಿಸಿಕೊಂಡು, ಆಮೇಲೆ ತಾನಾಗಿ ಓದಿದ ಹುಡುಗನೂ ಇದ್ದಾನೆ. ಇವರಲ್ಲಿ ಕೆಲವರು ಶಾಲೆಯನ್ನು ಬಿಟ್ಟರು, ಹಲವರನ್ನು ಶಾಲೆಯೇ ಬಿಟ್ಟಿತು. ಕಾರಣ ಬೇರೆ, ಕೊನೆಯ ವರ್ಷದ ಒಂಟಿತನ ಒಂದೇ. ಪರೀಕ್ಷಾ ಕೇಂದ್ರಕ್ಕೆ ಹೋಗಿ, ಪರಿಚಯವಿಲ್ಲದ ಶಾಲೆಯ ಡೆಸ್ಕಿನಲ್ಲಿ ಕೂತು, ಉತ್ತರ ಬರೆದು, ಮನೆಗೆ ಬಂದರೆ ಮುಗಿಯಿತು.

ಇವರನ್ನೆಲ್ಲ ಒಂದೇ ಬೆಂಚಿಗೆ ತರಬಲ್ಲ ಸಂಸ್ಥೆ ನಮ್ಮ ದೇಶದಲ್ಲಿದೆ. ಅದರ ಪರಿಚಯ ನಮ್ಮ ಕಡೆ ಇನ್ನೂ ಸಾಲದು. 1979ರಲ್ಲಿ ಸಿಬಿಎಸ್‌ಇ ಒಂದು ಪ್ರಯೋಗವಾಗಿ ಆರಂಭಿಸಿದ ಮುಕ್ತ ಶಾಲೆ 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು, ಮರುವರ್ಷ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಅಧಿಕಾರ ಪಡೆಯಿತು, 2002ರಲ್ಲಿ ಎನ್‌ಐಒಎಸ್ ಎಂಬ ಈಗಿನ ಹೆಸರಿಗೆ ಬಂತು. ಹತ್ತನೆಯದಕ್ಕೆ 14 ವರ್ಷ ತುಂಬಿದ್ದರೆ ಸಾಕು; ಮೇಲ್ಮಿತಿ ಇಲ್ಲ, ಹಾಗಾಗಿ ಮಗಳ ಜತೆ ತಾಯಿಯೂ ಹೆಸರು ಹಚ್ಚಬಹುದು. ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ; ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಉಳಿದ ವಿಷಯಗಳ ಆಯ್ಕೆ ನಮ್ಮ ಹೈಸ್ಕೂಲಿಗಿಂತ ಬಹಳ ಸಡಿಲ. ಗಣಿತ ವಿಜ್ಞಾನದ ಪಕ್ಕದಲ್ಲೇ ಚಿತ್ರಕಲೆ, ಗೃಹವಿಜ್ಞಾನ, ಮನಶ್ಶಾಸ್ತ್ರ, ಡೇಟಾ ಎಂಟ್ರಿ ಕೂತಿವೆ. ವರ್ಷಕ್ಕೆರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನಲ್ಲಿ ಪರೀಕ್ಷೆ. ಒಮ್ಮೆ ಹೆಸರು ಹಚ್ಚಿದರೆ ಐದು ವರ್ಷದ ಅವಧಿ, ಒಂಬತ್ತು ಅವಕಾಶ. ಎರಡು ವಿಷಯ ಈ ಸಲ, ಮೂರು ಮುಂದಿನ ಸಲ ಎಂದು ಬಿಡಿಸಿ ಬರೆಯಬಹುದು, ಪಾಸಾದದ್ದು ಖಾತೆಯಲ್ಲಿ ಉಳಿಯುತ್ತದೆ. ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟಿಗೂ ಅಂಕದಲ್ಲಿ ಪಾಲಿದೆ. ಕರ್ನಾಟಕಕ್ಕೆ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಇದು ಎರಡನೇ ದರ್ಜೆಯ ಪತ್ರ ಎಂಬ ಗುಮಾನಿ ಬಹಳ ದಿನ ಇತ್ತು. ಮುಕ್ತ ಶಾಲೆಯಲ್ಲಿ ಓದಿದವರು ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಕೂರಬಾರದೆಂಬ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲಿ ತಳ್ಳಿಹಾಕಿದ ಮೇಲೆ ಆ ಗುಮಾನಿಗೆ ಆಧಾರ ಉಳಿದಿಲ್ಲ.

ಪರೀಕ್ಷೆ, ಅಂಕಪಟ್ಟಿ, ಪ್ರಮಾಣಪತ್ರದ ಮಟ್ಟಿಗೆ ದಾರಿ ಇಷ್ಟು ಸ್ಪಷ್ಟವಿದೆ. ಅದು ಕೊಡಲಾರದ್ದು ಒಂದು ಬ್ಯಾಚು. ನಮ್ಮ ಭಾಗದಲ್ಲಿ ಬ್ಯಾಚು ಎಂಬುದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಲು ದಿನಪತ್ರಿಕೆಯ ಜಿಲ್ಲಾ ಪುಟ ನೋಡಿದರೆ ಸಾಕು. ಇಪ್ಪತ್ತು, ಇಪ್ಪತ್ತೈದು ವರ್ಷದ ಹಿಂದೆ ಹತ್ತನೆಯದು ಮುಗಿಸಿದವರು ಗುರುವಂದನೆ ಮತ್ತು ಸ್ನೇಹ ಸಮ್ಮಿಲನ ಮಾಡಿದ ಸುದ್ದಿ ಬೇಸಿಗೆಯಲ್ಲಿ ಬರುತ್ತಲೇ ಇರುತ್ತದೆ. ಪುಣೆ, ಬೆಂಗಳೂರು ಸೇರಿದವರು, ಊರಲ್ಲೇ ಒಕ್ಕಲುತನ ಮಾಡಿಕೊಂಡವರು, ಲಗ್ನವಾಗಿ ಹೋದವರು ಎಲ್ಲ ಒಂದೇ ಬಣ್ಣದ ಪೇಟ ಸುತ್ತಿ, ನಿವೃತ್ತ ಗುರುಗಳಿಗೂ ಅಕ್ಕೋರಿಗೂ ಶಾಲು ಹೊದಿಸಿ ಕಾಲಿಗೆ ಬೀಳುತ್ತಾರೆ. ಅವರನ್ನು ಕೂಡಿಸುವುದು ಅಂಕವಲ್ಲ, ಒಟ್ಟಿಗೆ ಹೊರಬಿದ್ದ ವರ್ಷ. ಕಷ್ಟಕ್ಕೆ ಸಾಲ, ಮಗನಿಗೆ ಕೆಲಸ, ಆಸ್ಪತ್ರೆಗೆ ಪರಿಚಯದವರು, ಹೊಲದ ತಕರಾರಿಗೆ ಮಧ್ಯಸ್ಥರು ಎಷ್ಟೋ ಸಲ ಈ ಬ್ಯಾಚಿನಿಂದಲೇ ಸಿಗುತ್ತಾರೆ. ಮನೆಯಲ್ಲಿ ಕಲಿತ ಮಗು ಓದಿನಲ್ಲಿ ಎಷ್ಟೇ ಮುಂದಿದ್ದರೂ ಈ ಒಂದು ಆಸ್ತಿ ಅದಕ್ಕೆ ಕಟ್ಟಿಕೊಡದೆ ಸಿಗುವುದಿಲ್ಲ.

ಮನೆಯಲ್ಲಿ ಕಲಿಸುವುದು ಕನ್ನಡಕ್ಕೆ ಹೊಸತಲ್ಲ. ಶಾಲೆ ಬರುವ ಮೊದಲು ಐಗಳು ನಡೆಸಿದ ಕೂಲಿಮಠ, ಗಾಂವಟಿ ಶಾಲೆಗಳ ಮಾತು ಬಿಡಿ. ಅದು ದೊಡ್ಡ ಕಥೆ. ಆಧುನಿಕ ಶಾಲೆ ಕಣ್ಮುಂದೆ ಇದ್ದೂ ಅದನ್ನು ತಕ್ಷಣಕ್ಕೆ ಬೇಡವೆಂದು, ಆಲೋಚಿಸಿ, ಹೊಣೆ ಹೊತ್ತು ಮಕ್ಕಳಿಗೆ ಮನೆಯನ್ನೇ ಶಾಲೆ ಮಾಡಿದವರಲ್ಲಿ ನಮಗೆ ಗೊತ್ತಿರುವ ಅತಿ ದೊಡ್ಡ ಹೆಸರು ಶಿವರಾಮ ಕಾರಂತರದು. ಗಾಂಧೀಜಿಯ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜು ಬಿಟ್ಟವರು ಮತ್ತೆ ಆ ಕಡೆ ಹೋಗಲಿಲ್ಲ. ಪದವಿಯಿಲ್ಲದೆಯೇ ಕಾದಂಬರಿ, ಯಕ್ಷಗಾನ, ವಿಜ್ಞಾನ, ನಿಘಂಟು ಎಲ್ಲವನ್ನೂ ಮಾಡಿ 1977ರ ಜ್ಞಾನಪೀಠದವರೆಗೆ ನಡೆದರು. ಪುತ್ತೂರಿನ ಪರ್ಲಡ್ಕದಲ್ಲಿ ಅವರು ಕಟ್ಟಿದ ಬಾಲವನ ಹೆಸರೇ ಹೇಳುವಂತೆ ಮಕ್ಕಳಿಗಾಗಿ. ಅಲ್ಲಿ ಕುಣಿತ, ನಾಟಕ, ಚಿತ್ರ, ಮುದ್ರಣ, ತೋಟ ಎಲ್ಲ ಒಂದರೊಳಗೊಂದು ನಡೆದವು. ತಮ್ಮ ಮಕ್ಕಳನ್ನು ಎಳೆ ವಯಸ್ಸಿನಲ್ಲಿ ಶಾಲೆಗೆ ಕಳಿಸುವ ಅವಸರ ಅವರಿಗಿರಲಿಲ್ಲ. ಆ ಮಕ್ಕಳಲ್ಲಿ ಮೂವರು, ಉಲ್ಲಾಸ ಕಾರಂತ, ಮಾಳವಿಕಾ ಕಪೂರ್ ಮತ್ತು ಕ್ಷಮಾ ರಾವ್, ಆ ಬಾಲ್ಯವನ್ನು ನೆನೆದು 2021ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು.

ಕಾರಂತರು ಈ ಕೆಲಸಕ್ಕೆ ಮಾಡಿಕೊಂಡ ಸಿದ್ಧತೆಯನ್ನು ಗಮನಿಸಬೇಕು. ಮಕ್ಕಳಿಗೆ ಓದಲು ಕನ್ನಡದಲ್ಲಿ ಲೋಕಜ್ಞಾನದ ಪುಸ್ತಕವಿಲ್ಲ ಎಂದು ಅವರು ಗೊಣಗಿ ಕೂರಲಿಲ್ಲ. 1936ರಲ್ಲಿ ಮೂರು ಸಂಪುಟದ ‘ಬಾಲ ಪ್ರಪಂಚ’ ತಂದರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’. ನಕ್ಷತ್ರದಿಂದ ಕೀಟದವರೆಗೆ ಒಬ್ಬನೇ ಮನುಷ್ಯ ಓದಿ, ತಿಳಿದು, ಪಾರಿಭಾಷಿಕ ಪದ ಹುಡುಕಿ ಬರೆದ ಕೆಲಸವದು. ಮನೆಯಲ್ಲಿ ಕಲಿಸುತ್ತೇನೆ ಎನ್ನುವ ತಂದೆತಾಯಿ ತಾವು ಮೊದಲು ಕಲಿಯಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಕನ್ನಡದಲ್ಲಿಲ್ಲ. ಉಲ್ಲಾಸರು ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಕಾಡಿನ ಕಡೆ ತಿರುಗಿ, ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಶಾಸ್ತ್ರ ಕಲಿತು, 1993ರಲ್ಲಿ ಮಂಗಳೂರು ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ನಾಗರಹೊಳೆಯ ಹುಲಿಗಳನ್ನು ಕ್ಯಾಮೆರಾ ಟ್ರ್ಯಾಪಿನಿಂದ ಎಣಿಸುವ ವಿಧಾನವನ್ನು ಜಗತ್ತಿಗೆ ತೋರಿಸಿದರು. ಮಾಳವಿಕಾ ಅವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕಿಯಾಗಿ ಮಕ್ಕಳ ಮನಶ್ಶಾಸ್ತ್ರದಲ್ಲಿ ಹೆಸರಾದರು. ತಡವಾಗಿ ಶಾಲೆಯ ಮುಖ ನೋಡಿದ್ದರಿಂದ ಇವರ ಓದು ಕೆಡಲಿಲ್ಲ.

ಕಾರಂತರ ಮನೆಯನ್ನು ಉದಾಹರಿಸಿದರೆ ಕೂಡಲೇ ಬರುವ ಮಾತು: ಎಲ್ಲ ತಂದೆಯರೂ ಕಾರಂತರಲ್ಲವಲ್ಲ. ನಿಜ. ಆದರೆ ಆ ಮನೆಯಿಂದ ನಾವು ಎತ್ತಿಕೊಳ್ಳಬೇಕಾದ್ದು ಅವರ ಪ್ರತಿಭೆಯನ್ನಲ್ಲ. ಬಾಲವನ ಮುಚ್ಚಿದ ಬಾಗಿಲ ಮನೆಯಾಗಿರಲಿಲ್ಲ. ಅಲ್ಲಿ ರಂಗಮಂದಿರವಿತ್ತು, ಊರಿನ ಮಕ್ಕಳು ಬರುತ್ತಿದ್ದರು, ಕಲಾವಿದರು, ಲೇಖಕರು, ಕೆಲಸದವರು, ಜಗಳಕ್ಕೆ ಬಂದವರು ಎಲ್ಲ ಹಾದುಹೋಗುತ್ತಿದ್ದರು. ಪುತ್ತೂರಿನ ದಸರಾ ನಾಡಹಬ್ಬದ ಹಿಂದೆಯೂ ಕಾರಂತರಿದ್ದರು. ಮಕ್ಕಳು ಕಲಿತದ್ದನ್ನು ಹೊರಗಿನವರ ಎದುರು ಇಡುವ ಜಾಗ ಆ ಮನೆಯಲ್ಲೇ ಇತ್ತು. ಆ ಕಲಿಕೆ ಫಲಿಸಿದ್ದು ಈ ತೆರೆದ ಅಂಗಳದಿಂದ ಎಂದು ನನ್ನ ತಿಳಿವಳಿಕೆ. ಕರ್ನಾಟಕದ ಬೇರೆ ಪ್ರಯೋಗಗಳೂ ಇದನ್ನೇ ಹೇಳುತ್ತವೆ. ಜೇನ್ ಸಾಹಿ ಅವರು 1975ರಲ್ಲಿ ಬೆಂಗಳೂರಿನ ಬಳಿಯ ಸಿಲ್ವೇಪುರದಲ್ಲಿ ಆರಂಭಿಸಿದ ಸೀತಾ ಶಾಲೆ, ಮೈಸೂರು ಬಳಿ ಕೆಂಚಲಗೂಡಿನಲ್ಲಿ ಶಾಲೆ ತಪ್ಪಿದ ಮಕ್ಕಳಿಗಾಗಿ ಹುಟ್ಟಿದ ‘ಕಲಿಯುವ ಮನೆ’ ಎರಡೂ ಮನೆಯ ಸಲುಗೆಯನ್ನೂ ಹತ್ತು ಜನರ ಸಂಗವನ್ನೂ ಒಟ್ಟಿಗೆ ಹಿಡಿದವು. ಮನೆಪಾಠ ಮನೆಯೊಳಗೇ ಉಳಿದರೆ ಅದು ಬರೀ ಪರೀಕ್ಷೆಯ ತಯಾರಿ.

ಹಾಗಾದರೆ ಹಾರೂಗೇರಿಯ ಸುತ್ತಿನ ಹತ್ತು ಹನ್ನೆರಡು ಮಕ್ಕಳು, ಮನೆಯಲ್ಲೇ ಓದಿ ಈ ವರ್ಷ ಹತ್ತನೆಯದಕ್ಕೋ ಹನ್ನೆರಡನೆಯದಕ್ಕೋ ಕೂರುವವರು, ತಮ್ಮ ಕೊನೆಯ ವರ್ಷದಲ್ಲಿ ಏನು ಮಾಡಬಹುದು? ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಒಂದೇ: ಪ್ರತಿಯೊಬ್ಬರೂ ಊರಿನ ಒಂದು ಸಂಗತಿಯನ್ನು ವರ್ಷಪೂರ್ತಿ ಹಿಡಿದು ಕಲಿತು, ಅದನ್ನು ಎಲ್ಲರ ಎದುರು ಮಂಡಿಸಬೇಕು. ನಮ್ಮ ನೆಲದಲ್ಲಿ ವಿಷಯಕ್ಕೆ ಬರವಿಲ್ಲ. ಅರಿಸಿನವನ್ನೇ ತೆಗೆದುಕೊಳ್ಳಿ. ಮೇ-ಜೂನಿನಲ್ಲಿ ಹೂತ ಗಡ್ಡೆ ಜನವರಿಯಿಂದಾಚೆ ಕೀಳುವ ಹೊತ್ತಿಗೆ ಎಂಟು ಒಂಬತ್ತು ತಿಂಗಳಾಗಿರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಶಾಲಾ ವರ್ಷ. ಕಿತ್ತ ಮೇಲೆ ಬೇಯಿಸಬೇಕು. ಎಷ್ಟು ಬೆಂದರೆ ಸಾಕು ಎಂಬುದನ್ನು ಕಡ್ಡಿ ಚುಚ್ಚಿ ನೋಡುವ ಕೈಗೆ ಗೊತ್ತು. ಕಡಿಮೆ ಬೆಂದರೆ ಒಣಗುವುದು ತಡ, ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ. ಆಮೇಲೆ ಎರಡು ವಾರದವರೆಗೆ ಬಿಸಿಲು, ಡ್ರಮ್ಮಿನಲ್ಲಿ ತಿರುಗಿಸಿ ಪಾಲಿಶ್, ಚೀಲ, ಟೆಂಪೊ, ಸಾಂಗಲಿ ಮಾರುಕಟ್ಟೆ, ದಲಾಲರ ಅಂಗಡಿ, ಹರಾಜು. ಸಾಂಗಲಿ ಅರಿಸಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಬಂತು. ಅಲ್ಲಿನ ಹರಿಪುರದಲ್ಲಿ ಅರಿಸಿನವನ್ನು ನೆಲದೊಳಗಿನ ಪೇವುಗಳಲ್ಲಿ, ನಮ್ಮ ಹಗೇವಿನಂಥವುಗಳಲ್ಲಿ, ತುಂಬಿಡುತ್ತಿದ್ದರು. 2005ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ಅಪ್ಪನ ಒಂದು ಎಕರೆಯ ಖರ್ಚುವೆಚ್ಚ ಬರೆದಿಟ್ಟ ಹುಡುಗಿ ಗಣಿತವನ್ನೂ ಅರ್ಥಶಾಸ್ತ್ರವನ್ನೂ ಕಲಿತಿರುತ್ತಾಳೆ, ಬೇಯಿಸುವ ಕಡಾಯಿಯ ಪಕ್ಕ ನಿಂತವಳು ರಸಾಯನಶಾಸ್ತ್ರವನ್ನು ಮುಟ್ಟಿರುತ್ತಾಳೆ, ಸಾಂಗಲಿಯಲ್ಲಿ ಮರಾಠಿಯಲ್ಲಿ ಮಾತಾಡಿದವಳು ಗಡಿ ಎಂದರೇನೆಂದು ತಿಳಿದಿರುತ್ತಾಳೆ. ಇನ್ನೊಬ್ಬ 2019ರ ಆಗಸ್ಟಿನಲ್ಲಿ ಕೃಷ್ಣೆ ಕುಡಚಿಯ ಆಚೀಚೆ ಎಲ್ಲಿಯವರೆಗೆ ಬಂದಳೆಂದು ಗೋಡೆಯ ಗುರುತು ಹಿಡಿದು ನಕಾಶೆ ಬರೆಯಬಹುದು. ಅಥಣಿಯ ಚಪ್ಪಲಿ ಕಾರಿಗರ ಕೈಯಿಂದ ಹೊಲಿದದ್ದಕ್ಕೆ ಕೊಲ್ಹಾಪುರಿ ಎಂಬ ಹೆಸರು ಬಂದ ಬಗೆಯನ್ನು ಮತ್ತೊಬ್ಬಳು ಕೇಳಿ ಬರೆಯಬಹುದು. 2019ರಲ್ಲಿ ಆ ಹೆಸರಿನ ಸೂಚಕ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸಿಕ್ಕಿತು. ಉಳಿದ ಚಟುವಟಿಕೆ, ಪ್ರವಾಸ, ಆಟ, ನಾಟಕ, ಕೈಬರಹದ ಪತ್ರಿಕೆ, ತಿಂಗಳಿಗೊಂದು ಭಾನುವಾರದ ಭೇಟಿ, ಇದರ ಸುತ್ತ ತಾವಾಗಿ ಕೂಡಿಕೊಳ್ಳುತ್ತವೆ.

ಬೀಳ್ಕೊಡುಗೆಯ ದಿನ ಯಾವಾಗ ಇರಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಇಡೀ ಯೋಜನೆಯ ಜೀವ ಅಲ್ಲಿದೆ. ಅಮೆರಿಕದಲ್ಲಿ 1993ರ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಮನೆಯಲ್ಲಿ ಕಲಿಸುವುದು ಕಾನೂನಿಗೆ ಸಮ್ಮತವಾಯಿತು. ಅಲ್ಲಿ ಕುಟುಂಬಗಳು ಗುಂಪು ಕಟ್ಟಿಕೊಂಡು, ಒಂದು ಸಭಾಂಗಣ ಹಿಡಿದು, ಕೊನೆಯ ವರ್ಷದ ಮಕ್ಕಳಿಗೆ ಗೌನು ಟೋಪಿ ತೊಡಿಸಿ ಪದವಿ ಪ್ರದಾನ ಮಾಡುವ ರೂಢಿ ಬೆಳೆದಿದೆ. ಮಗುವಿನ ಕೈಗೆ ಪ್ರಮಾಣಪತ್ರವನ್ನು ಹೆತ್ತವರೇ ಇಡುತ್ತಾರೆ, ಪ್ರತಿ ಮಗುವಿನ ಕೆಲಸವನ್ನು ಒಂದೊಂದು ಮೇಜಿನ ಮೇಲೆ ಹರಡಿಡುತ್ತಾರೆ. ಆ ಮೇಜುಗಳು ನಮಗೂ ಬೇಕು, ಹೆತ್ತವರು ವೇದಿಕೆಗೆ ಬರುವುದೂ ಬೇಕು. ಗೌನು ಟೋಪಿ ಬೇಕಿಲ್ಲ. ಅಲ್ಲಿನ ಸಮಾರಂಭ ಓದು ಮುಗಿದ ಮೇಲಿನದು. ನಮ್ಮ ಹೈಸ್ಕೂಲಿನ ಬೀಳ್ಕೊಡುಗೆ ಪರೀಕ್ಷೆಗೆ ಮುಂಚಿನದು, ಹಾಗೆಯೇ ಇರಬೇಕು. ಅಂದು ಯಾರೂ ನಪಾಸಾಗಿರುವುದಿಲ್ಲ. ಮೊದಲ ಬೆಂಚಿನವರೂ ಕೊನೆಯ ಬೆಂಚಿನವರೂ ಒಂದೇ ಫೋಟೊದಲ್ಲಿ ನಿಲ್ಲುತ್ತಾರೆ. ಐದು ವರ್ಷದಲ್ಲಿ ಒಂಬತ್ತು ಅವಕಾಶವಿರುವ ಮುಕ್ತ ಶಾಲೆಯ ಮಕ್ಕಳಿಗೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ, ಏಕೆಂದರೆ ಅವರಲ್ಲಿ ಎಲ್ಲರೂ ಐದೂ ವಿಷಯವನ್ನು ಒಟ್ಟಿಗೆ ಬರೆಯುತ್ತಿರುವುದಿಲ್ಲ. ಫಲಿತಾಂಶಕ್ಕೆ ಕಾದು ಸಮಾರಂಭ ಮಾಡಿದರೆ ಅದು ಪಾಸಾದವರ ಸನ್ಮಾನವಾಗುತ್ತದೆ. ಮುಂಚೆ ಮಾಡಿದರೆ ಕಲಿತವರೆಲ್ಲರ ಹಬ್ಬವಾಗುತ್ತದೆ. ಏಪ್ರಿಲಿನ ಪರೀಕ್ಷೆಗೆ ಶಿವರಾತ್ರಿಯ ನಂತರದ ಒಂದು ಭಾನುವಾರ ಸರಿಹೊಂದುತ್ತದೆ. ಅರಿಸಿನದ ಗದ್ದಲ ಆಗ ನಡುವಿನಲ್ಲಿರುತ್ತದೆ, ಅದು ತೊಡಕೇ; ಆದರೆ ಅರಿಸಿನದ ಬಗ್ಗೆ ಮಾತಾಡುವ ಹುಡುಗಿಗೆ ಮೇಜಿನ ಮೇಲಿಡಲು ಹಸಿ ಗಡ್ಡೆ ಸಿಗುವುದೂ ಆಗಲೇ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಇತಿಹಾಸದ್ದು, ಅದಕ್ಕೆ ತೂಕವಿದೆ. ಹಾರೂಗೇರಿಯ ತಾಲ್ಲೂಕು ಕೇಂದ್ರವಾದ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು. ಮಗುವನ್ನು ಶಾಲೆಗೆ ಕಳಿಸದ ತಂದೆತಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ಇಟ್ಟರು. ದೇಶದಲ್ಲಿ ಅಂಥ ಕಾಯಿದೆ ಅಪರೂಪವಾಗಿದ್ದ ಕಾಲವದು. ಶತಮಾನಗಳ ಕಾಲ ಅಕ್ಷರದ ಬಾಗಿಲ ಹೊರಗೆ ನಿಂತ ಜಾತಿಗಳಿಗೆ ಆ ಬಾಗಿಲು ತೆರೆದದ್ದು ಸಾರ್ವಜನಿಕ ಶಾಲೆ. ಅದನ್ನು ಬಿಟ್ಟು ಮನೆಯಲ್ಲಿ ಕಲಿಯುವುದನ್ನು ಹೊಗಳುವುದೆಂದರೆ, ಗಳಿಸಿದ ಹೊಲವನ್ನು ಬೀಳು ಬಿಟ್ಟಂತಲ್ಲವೇ? ಈ ಆಕ್ಷೇಪವನ್ನು ನಾನು ಬಹುಪಾಲು ಒಪ್ಪುತ್ತೇನೆ. 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 10ನೇ ಸೆಕ್ಷನ್ ಹೇಳುತ್ತದೆ, ಅದು ಇರಬೇಕಾದದ್ದೇ. ನಾನು ಮಾತಾಡುತ್ತಿರುವುದು ಆ ವಯಸ್ಸು ದಾಟಿದವರ ಕೊನೆಯ ವರ್ಷದ ಬಗ್ಗೆ. ಅವರು ಯಾವುದೇ ಕಾರಣಕ್ಕೆ ಹೊರಗುಳಿದಿರಲಿ, ಈಗ ಮನೆಯಲ್ಲಿ ಓದುತ್ತಿದ್ದಾರೆ. ಶಾಹೂ ಮಹಾರಾಜರ ಆಶಯ ಯಾವ ಮಗುವೂ ಲೆಕ್ಕದಿಂದ ತಪ್ಪಬಾರದು ಎಂಬುದಾಗಿದ್ದರೆ, ಖಾಸಗಿ ಅಭ್ಯರ್ಥಿಯಾಗಿ ಕೂರುವ ಹುಡುಗಿಯನ್ನು ಹೆಸರು ಹಿಡಿದು ಕರೆದು ವೇದಿಕೆ ಹತ್ತಿಸುವುದು ಆ ಆಶಯಕ್ಕೆ ಸಲ್ಲುವ ಕೆಲಸವೇ.

ಎರಡನೆಯದು ಕಾಗದದ ಆಕ್ಷೇಪ. ಇದನ್ನು ಮನೆಶಾಲೆಯ ಉತ್ಸಾಹಿಗಳು ಬೇಗ ದಾಟಿಬಿಡುತ್ತಾರೆ, ದಾಟಬಾರದು. ಸಿಇಟಿಯಲ್ಲಿ ರಾಜ್ಯದ ಸೀಟಿಗೆ ಅರ್ಹರಾಗಲು ಸಾಮಾನ್ಯ ದಾರಿ ಎಂದರೆ ಕರ್ನಾಟಕದ ಮಾನ್ಯ ಸಂಸ್ಥೆಗಳಲ್ಲಿ ಕನಿಷ್ಠ ಏಳು ವರ್ಷದ ವ್ಯಾಸಂಗ. ಶೇ 15ರ ಗ್ರಾಮೀಣ ಮೀಸಲಾತಿಗೆ, ಶೇ 5ರ ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತನೆಯವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ ಮೇಲುಸಹಿ ಬೇಕು. ಯಲ್ಪಾರಟ್ಟಿಯ ಅಥವಾ ಪರಮಾನಂದವಾಡಿಯ ಬಡ ಮನೆಯ ಮಗುವಿಗೆ ಈ ಎರಡು ಕಾಗದ ದೊಡ್ಡ ಬಂಡವಾಳ. ಬೆಂಗಳೂರಿನ ಅನುಕೂಲಸ್ಥ ಮನೆ ಅದನ್ನು ಕಳೆದುಕೊಂಡು ತಡೆದುಕೊಳ್ಳಬಲ್ಲದು, ಇಲ್ಲಿಯದು ತಡೆಯಲಾರದು. ಆದ್ದರಿಂದ ಶಾಲೆಗೆ ಹೋಗಬಲ್ಲ ಮಗುವನ್ನು ಇಲ್ಲಿ ಶಾಲೆ ಬಿಡಿಸಿ ಎಂದು ನಾನು ಯಾರಿಗೂ ಹೇಳಲಾರೆ. ಈಗಾಗಲೇ ಬಿಟ್ಟವರ ಮಟ್ಟಿಗೆ, ಕೊನೆಯ ವರ್ಷದ ಯೋಜನೆಯಲ್ಲಿ ಕಾಗದದ ಕೆಲಸಕ್ಕೂ ಒಂದು ಭಾನುವಾರ ಮೀಸಲಿಡಬೇಕು: ಹಳೆಯ ಶಾಲೆಯ ವರ್ಗಾವಣೆ ಪತ್ರ, ಓದಿದಷ್ಟು ವರ್ಷದ ವ್ಯಾಸಂಗ ಪತ್ರ, ಜನ್ಮ ದಾಖಲೆ ಮತ್ತು ಆಧಾರಿನಲ್ಲಿ ಹೆಸರಿನ ಅಕ್ಷರ ಹೊಂದುತ್ತದೆಯೇ ಎಂಬುದು, ಸೇರಬೇಕೆಂದಿರುವ ಪಿಯು ಕಾಲೇಜಿನ ಪ್ರಾಚಾರ್ಯರೊಂದಿಗೆ ಮುಂಚಿತವಾಗಿ ಒಂದು ಮಾತು. ಒಬ್ಬೊಬ್ಬರೇ ಅಲೆದಾಡಿದರೆ ಕಚೇರಿಯಲ್ಲಿ ಕೇಳುವವರಿಲ್ಲ. ಹತ್ತು ಮಕ್ಕಳ ಬ್ಯಾಚಾಗಿ ಹೋದರೆ ಕೇಳುತ್ತಾರೆ.

ಇನ್ನೊಂದು ಆಕ್ಷೇಪ ಖರ್ಚಿನದು, ಆಡಂಬರದ್ದು. ಎಲ್‌ಕೆಜಿ ಮಕ್ಕಳಿಗೂ ಕರಿ ಗೌನು ತೊಡಿಸಿ ಫೋಟೊ ತೆಗೆಯುವ ಕಾಲದಲ್ಲಿ ಇನ್ನೊಂದು ಸಮಾರಂಭವೇಕೆ ಎನ್ನುವವರಿದ್ದಾರೆ. ಇದಕ್ಕೆ ಉತ್ತರವನ್ನು 2020-21ರ ವರ್ಷವೇ ಕೊಟ್ಟಿದೆ. ಆ ವರ್ಷ ಕೊರೊನಾದಿಂದಾಗಿ ಇಡೀ ರಾಜ್ಯದ ಹತ್ತನೇ ತರಗತಿ ಮನೆಯಲ್ಲಿ ಕಲಿಯಿತು. ವಿದ್ಯಾಗಮದ ಹೆಸರಿನಲ್ಲಿ ಗುರುಗಳು ಗುಡಿಯ ಕಟ್ಟೆ, ಮರದ ನೆರಳಿಗೆ ಬಂದರು. ಅದೂ ಅಕ್ಟೋಬರಿನಲ್ಲಿ ನಿಂತಿತು. 2021ರ ಜನವರಿ 1ರಂದು ತೆರೆದ ತರಗತಿ ಬೇಸಿಗೆಯ ಎರಡನೇ ಅಲೆಗೆ ಮತ್ತೆ ಮುಚ್ಚಿತು. ಜುಲೈ 19 ಮತ್ತು 22, ಎರಡೇ ದಿನದಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಗೆ ಗುರುತು ಹಾಕಿ ಆ ಮಕ್ಕಳು ಹತ್ತನೆಯದು ಮುಗಿಸಿದರು, ಹೆಚ್ಚುಕಡಿಮೆ ಎಲ್ಲರೂ ಪಾಸಾದರು. ಅಂಕಪಟ್ಟಿ ಬಂತು, ಮುಗಿಸಿದ ಭಾವ ಬರಲಿಲ್ಲ. ಕೊರೊನಾ ಬ್ಯಾಚು ಎಂಬ ಹೆಸರು ಅವರಿಗೆ ಅಂಟಿತು, ಪಾಸಾದದ್ದು ಸುಮ್ಮನೆ ಎಂಬ ಮಾತನ್ನು ಅವರು ಈಗಲೂ ಕೇಳಬೇಕಾಗುತ್ತದೆ. ಊರಿನ ಹತ್ತು ಹಿರಿಯರು ಕೂತು, ಈ ಹುಡುಗಿ ಏನು ಕಲಿತಿದ್ದಾಳೆಂದು ಕಣ್ಣಾರೆ ನೋಡಿ, ಹೌದು ಎಂದು ತಲೆಯಾಡಿಸಿದ್ದರೆ ಆ ಮಾತಿಗೆ ಎದುರು ಹೇಳಲು ಅವರಿಗೊಂದು ಬಲವಿರುತ್ತಿತ್ತು. ಕರಾವಳಿಯಲ್ಲಿ ಐಗಳ ಮಠದ ಹುಡುಗರು ನವರಾತ್ರಿಗೆ ಹೂವಿನಕೋಲು ಹಿಡಿದು ಮನೆಮನೆಗೆ ಹೋಗಿ ಪದ್ಯ ಹೇಳಿ ಅರ್ಥ ಹೇಳುತ್ತಿದ್ದರು. ಆ ಗುರುವಿನ ಕೈಯಲ್ಲಿ ಮಂಡಳಿಯ ಮೊಹರು ಇರಲಿಲ್ಲ. ಊರು ಕೇಳಿದ್ದೇ ಪ್ರಮಾಣವಾಗಿತ್ತು. ಖರ್ಚಿನ ಮಾತಾದರೆ, ಒಂದು ಸಮುದಾಯ ಭವನ ಅಥವಾ ಮಠದ ಪಡಸಾಲೆ, ಹನ್ನೆರಡು ಮೇಜು, ಒಂದು ಮೈಕು, ನೂರು ಜನಕ್ಕೆ ಹುಗ್ಗಿ. ಇಷ್ಟನ್ನು ಹನ್ನೆರಡು ಮನೆ ಪಟ್ಟಿ ಹಾಕಿ ಮಾಡಬಹುದು.

ಬೆಳಗಾವಿ ಜಿಲ್ಲೆಯದೇ ಒಂದು ಹೆಸರು ಇಲ್ಲಿ ನೆನಪಾಗುತ್ತದೆ. ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿ ಮುಲ್ಕಿ ಪರೀಕ್ಷೆ ಪಾಸಾಗಿ ಶಿಕ್ಷಕರಾದವರು. ಅದರಾಚೆಯ ಓದೆಲ್ಲ ಮನೆಯಲ್ಲಿ, ತಮ್ಮಷ್ಟಕ್ಕೆ. ಕನ್ನಡಿಗರ ಮೂಲವನ್ನು ಹುಡುಕುತ್ತ ಬರೆದ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1981ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅಷ್ಟು ಹೊತ್ತಿಗೆ ಅವರಿಗೆ 85. ನಾಡು ಅವರನ್ನು ಎದ್ದು ನಿಂತು ಗೌರವಿಸಿತು, ಬಹಳ ತಡವಾಗಿ. ಹದಿನಾರಕ್ಕೆ, ಹದಿನೆಂಟಕ್ಕೆ ಆಗಬೇಕಾದ ಒಂದು ಸಣ್ಣ ಗೌರವದ ಮಾತು ಬೇರೆ.

ದೇಶದಲ್ಲಿ ಮನೆಯಲ್ಲಿ ಕಲಿಯುವ ಮಕ್ಕಳ ಅಧಿಕೃತ ನೋಂದಣಿ ಎಂಬುದೊಂದು ಇಲ್ಲ. ಆದ್ದರಿಂದ ರಾಯಬಾಗ, ಅಥಣಿ, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಈ ಐದು ತಾಲ್ಲೂಕುಗಳ ಮೊದಲ ಬ್ಯಾಚಿನ ಪಟ್ಟಿ ಬರೆಯುವ ಕೆಲಸ ಯಾರಾದರೂ ಕೈಗೆತ್ತಿಕೊಳ್ಳಬೇಕು: ನಿವೃತ್ತರಾಗಿ ಊರಲ್ಲೇ ಇರುವ ಗುರುಗಳು, ಗ್ರಂಥಾಲಯದ ಮೇಲ್ವಿಚಾರಕರು, ಪರೀಕ್ಷೆಯ ಫಾರ್ಮ್ ತುಂಬಿಕೊಡುವ ಕಂಪ್ಯೂಟರ್ ಅಂಗಡಿಯವರು. ಯಾವ ಹುಡುಗಿ ಖಾಸಗಿಯಾಗಿ ಕೂರುತ್ತಿದ್ದಾಳೆಂದು ಮೊದಲು ಗೊತ್ತಾಗುವುದು ಆ ಅಂಗಡಿಗೇ. ಜೂನಿನೊಳಗೆ ಹೆಸರು ಕೂಡಿದರೆ ಮುಂಗಾರಿನಲ್ಲಿ ವಿಷಯ ಆರಿಸಬಹುದು, ದೀಪಾವಳಿಯ ಹೊತ್ತಿಗೆ ಅರ್ಧ ಕೆಲಸವಾಗಿರುತ್ತದೆ. ತಡವಾದರೆ ನವೆಂಬರಿಗೆ ಕಬ್ಬಿನ ಹಂಗಾಮು ಶುರುವಾಗುತ್ತದೆ, ಹುಡುಗರು ಟ್ರ್ಯಾಕ್ಟರಿನ ಹಿಂದೆ ಹೋಗುತ್ತಾರೆ. ಹುಡುಗಿಯರ ಮನೆಗಳಲ್ಲಿ ವರ ನೋಡುವ ಮಾತು ತುಳಸಿ ಲಗ್ನ ಮುಗಿದ ಮರುವಾರವೇ ಏಳುತ್ತದೆ, ಹಾಲ್ ಟಿಕೆಟ್ ಬರುವಷ್ಟರಲ್ಲಿ ಅವರಲ್ಲಿ ಕೆಲವರ ಊರೇ ಬದಲಾಗಿರುತ್ತದೆ.